ಸ್ಕ್ರಾಚ್ 1.4: ಹಳೆಯ ಕಿತ್ತಳೆ ಬೆಕ್ಕಿನ ನೆನಪು

ಸ್ಕ್ರಾಚ್ ಎಂಬುದು ಮಕ್ಕಳಿಗೆ ಪ್ರೋಗ್ರಾಮಿಂಗ್ ಕಲಿಸುವ ಉಚಿತ ತಂತ್ರಾಂಶ. ಇದರಲ್ಲಿ ಆದೇಶಗಳನ್ನು ಟೈಪ್ ಮಾಡಬೇಕಾಗಿಲ್ಲ. ಬಣ್ಣದ ತುಣುಕುಗಳನ್ನು ಮೌಸ್‌ನಿಂದ ಎಳೆದು ಒಂದಕ್ಕೊಂದು ಜೋಡಿಸಿದರೆ ಪರದೆಯ ಮೇಲಿನ ಕಿತ್ತಳೆ ಬಣ್ಣದ ಬೆಕ್ಕು ನಡೆಯುತ್ತದೆ, ಮಾತನಾಡುತ್ತದೆ. ಅಮೆರಿಕದ ಎಂಐಟಿ ಮೀಡಿಯಾ ಲ್ಯಾಬ್‌ನಲ್ಲಿ ಮಿಚೆಲ್ ರೆಸ್ನಿಕ್ ಅವರ ತಂಡ ರೂಪಿಸಿದ ಇದು 2007ರಲ್ಲಿ ಸಾರ್ವಜನಿಕರಿಗೆ ದೊರೆಯಿತು.

2009ರಲ್ಲಿ ಬಂದ 1.4 ಆವೃತ್ತಿಯನ್ನು ಅದರಲ್ಲಿ ಕಲಿತವರು ಇಂದಿಗೂ ಪ್ರೀತಿಯಿಂದ ನೆನೆಯುತ್ತಾರೆ. ಅದಕ್ಕೆ ಕಾರಣವೂ ಇದೆ. ಒಮ್ಮೆ ಕಂಪ್ಯೂಟರಿಗೆ ಹಾಕಿಕೊಂಡರೆ ಮತ್ತೆ ಇಂಟರ್‌ನೆಟ್ ಬೇಕಿರಲಿಲ್ಲ. ಹಳೆಯ ಯಂತ್ರದಲ್ಲೂ ಅದು ನಡೆಯುತ್ತಿತ್ತು. 2012ರಲ್ಲಿ ಬಂದ ಅಗ್ಗದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೂ ಇದೇ ಆವೃತ್ತಿಯನ್ನು ಕೊಡಲಾಗಿತ್ತು.

2013ರ 2.0 ಆವೃತ್ತಿ ಫ್ಲ್ಯಾಷ್ ಆಧಾರಿತವಾಗಿ ಬ್ರೌಸರಿಗೆ ಬಂತು. ಬಲಗಡೆ ಇದ್ದ ಬೆಕ್ಕಿನ ವೇದಿಕೆ ಎಡಕ್ಕೆ ಹೋಯಿತು. ತುಣುಕುಗಳನ್ನು ತಾವೇ ರಚಿಸಿಕೊಳ್ಳುವ ಅನುಕೂಲವೂ ಸೇರಿತು. ಆದರೆ ಇಂಟರ್‌ನೆಟ್ ಇಲ್ಲದೆ ಬಳಸಬೇಕೆಂದರೆ ಅಡೋಬಿ ಏರ್ ಎಂಬ ಇನ್ನೊಂದು ತಂತ್ರಾಂಶ ಬೇಕಾಯಿತು. 2019ರ ಜನವರಿಯ 3.0 ಆವೃತ್ತಿ ಫ್ಲ್ಯಾಷನ್ನು ಕೈಬಿಟ್ಟಿತು, ಟ್ಯಾಬ್ಲೆಟ್‌ಗೂ ಬಂತು. ವೇದಿಕೆ ಮತ್ತೆ ಬಲಗಡೆಗೆ ಬಂದಾಗ ಹಳಬರಿಗೆ ಪರಿಚಿತ ಮನೆಗೆ ಮರಳಿದಂತಾಯಿತು.

ಗಡಿನಾಡಿಗೂ ಇದು ಹೊಸದಲ್ಲ. ಕಾಸರಗೋಡು ಸೇರಿದಂತೆ ಕೇರಳದ ಪ್ರೌಢಶಾಲೆಗಳಲ್ಲಿ 2018ರಲ್ಲಿ ಆರಂಭವಾದ ಲಿಟಲ್ ಕೈಟ್ಸ್ ಕ್ಲಬ್‌ಗಳ ತರಬೇತಿಯಲ್ಲಿ ಸ್ಕ್ರಾಚ್ ಸೇರಿದೆ.

1.4ರಲ್ಲಿ ಮಾಡಿದ ಕಡತಗಳ ಹೆಸರು ‘.ಎಸ್‌ಬಿ’ ಎಂದು ಮುಗಿಯುತ್ತದೆ. ಇವು 3.0ರಲ್ಲೂ ತೆರೆಯುತ್ತವೆ. ಆದ್ದರಿಂದ ಹಳೆಯ ಸಿ.ಡಿ., ಪೆನ್‌ಡ್ರೈವ್‌ಗಳಲ್ಲಿ ಇಂಥ ಕಡತವಿದ್ದರೆ ಅಳಿಸಬೇಡಿ. ಬಾಲ್ಯದಲ್ಲಿ ನಡೆಸಿದ ಬೆಕ್ಕು ಇನ್ನೂ ನಡೆದೀತು.