ಸುರಂಜನ್ ದಾಸ್

ಸುರಂಜನ್ ದಾಸ್ (1920–1970): ಭಾರತೀಯ ವಾಯುಪಡೆಯ ಗ್ರೂಪ್ ಕ್ಯಾಪ್ಟನ್, ಬೆಂಗಳೂರಿನ ಎಚ್‌ಎಎಲ್ ವಿಮಾನ ಕಾರ್ಖಾನೆಯ ಮುಖ್ಯ ಪರೀಕ್ಷಾ ಪೈಲಟ್. ದೇಶದಲ್ಲೇ ರೂಪುಗೊಂಡ ಮೊದಲ ಜೆಟ್ ಯುದ್ಧವಿಮಾನ ಎಚ್‌ಎಫ್-24 ಮಾರುತ್ ಅನ್ನು ಮೊದಲು ಹಾರಿಸಿದವರು.

ವೃತ್ತಿ: ಇಂಗ್ಲೆಂಡಿನ ಎಂಪೈರ್ ಟೆಸ್ಟ್ ಪೈಲಟ್ಸ್ ಸ್ಕೂಲಿನಲ್ಲಿ ತರಬೇತಿ ಪಡೆದರು. ಹೊಸ ವಿಮಾನವನ್ನು ಅದರ ಮಿತಿಯವರೆಗೂ ಓಡಿಸಿ, ಕಂಡ ದೋಷಗಳನ್ನು ವಿನ್ಯಾಸಕಾರರಿಗೆ ಮುಚ್ಚುಮರೆಯಿಲ್ಲದೆ ಹೇಳುವುದೇ ಪರೀಕ್ಷಾ ಪೈಲಟ್‌ನ ಕೆಲಸ.

ಮಾರುತ್: ಜರ್ಮನ್ ವಿನ್ಯಾಸಕಾರ ಕುರ್ಟ್ ಟ್ಯಾಂಕ್ 1956ರಲ್ಲಿ ಬೆಂಗಳೂರಿಗೆ ಬಂದು ಯೋಜನೆಯ ನೇತೃತ್ವ ವಹಿಸಿದರು. 1959ರಲ್ಲಿ ಪೂರ್ಣ ಗಾತ್ರದ ಮರದ ಗ್ಲೈಡರ್ ಹಾರಿಸಿ ವಿನ್ಯಾಸವನ್ನು ಒರೆಗೆ ಹಚ್ಚಲಾಯಿತು. 1961ರ ಜೂನ್ 17ರಂದು ದಾಸ್ ಮೊದಲ ಮಾದರಿಯನ್ನು ಹಾರಿಸಿದರು. ಧ್ವನಿಯ ಎರಡು ಪಟ್ಟು ವೇಗದ ಗುರಿಯಿತ್ತು. ಅದಕ್ಕೆ ಬೇಕಾದ ಎಂಜಿನ್ ಕೊನೆಗೂ ಸಿಗಲಿಲ್ಲ. ಕಡಿಮೆ ಶಕ್ತಿಯ ಆರ್ಫಿಯಸ್ ಎಂಜಿನ್‌ಗಳಲ್ಲೇ ಮಾರುತ್ 1967ರಲ್ಲಿ ವಾಯುಪಡೆ ಸೇರಿತು. 1971ರ ಯುದ್ಧದಲ್ಲಿ ರಾಜಸ್ಥಾನದ ಗಡಿಯಲ್ಲಿ ನೆಲದ ಗುರಿಗಳ ಮೇಲೆ ದಾಳಿ ನಡೆಸಿತು. ತರಬೇತಿ ಜೆಟ್ ಕಿರಣ್ ಅನ್ನು ಮೊದಲು ಹಾರಿಸಿದವರೂ (1964) ದಾಸ್ ಅವರೇ.

ಮರಣ: ಹೆಚ್ಚಿನ ಶಕ್ತಿಗಾಗಿ ರೀಹೀಟ್ ಅಳವಡಿಸಿದ ಮಾರುತ್ 1ಆರ್ ಮಾದರಿ 1970ರ ಜನವರಿ 10ರಂದು ಬೆಂಗಳೂರಿನಲ್ಲಿ ಅಪಘಾತಕ್ಕೀಡಾಗಿ ದಾಸ್ ತೀರಿಕೊಂಡರು. ಮರಣೋತ್ತರವಾಗಿ ಪದ್ಮಭೂಷಣ ಸಂದಿತು. ನಗರದ ಎಚ್‌ಎಎಲ್ ಬಳಿಯ ರಸ್ತೆಗೆ ಅವರ ಹೆಸರಿದೆ.

ಪರಂಪರೆ: ಬೆಂಗಳೂರಿನಲ್ಲಿ ವಾಯುಪಡೆಯ ಪರೀಕ್ಷಾ ಪೈಲಟ್‌ಗಳ ಶಾಲೆ 1970ರ ದಶಕದಲ್ಲಿ ಆರಂಭವಾಯಿತು, ತೇಜಸ್ ಮೊದಲು ಹಾರಿದ್ದೂ (2001) ಎಚ್‌ಎಎಲ್ ನಿಲ್ದಾಣದಿಂದಲೇ. ನಗರದ ಸುತ್ತ ಜನವಸತಿ ದಟ್ಟವಾದ ಈ ಕಾಲದಲ್ಲಿ ಚಾಲಕರಹಿತ ವಿಮಾನಗಳ ಪರೀಕ್ಷೆ ಚಿತ್ರದುರ್ಗ ಜಿಲ್ಲೆಯ ಬಯಲಿಗೆ ಬಂದಿದೆ. ಚಳ್ಳಕೆರೆ ತಾಲ್ಲೂಕಿನ ಅಮೃತ ಮಹಲ್ ಕಾವಲಿನಲ್ಲಿ ಡಿಆರ್‌ಡಿಒ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ದನಕುರಿಗಳ ಮೇವಿನ ನೆಲ ಹೋಗುತ್ತದೆಂದು ಸುತ್ತಲ ಹಳ್ಳಿಯವರು ಈ ಕಾವಲಿನ ಹಂಚಿಕೆಯನ್ನು ವಿರೋಧಿಸಿದ್ದರು. 2023ರ ಏಪ್ರಿಲ್‌ನಲ್ಲಿ ಇಸ್ರೋದ ಮರುಬಳಕೆ ರಾಕೆಟ್ ವಾಹನವನ್ನು ಹೆಲಿಕಾಪ್ಟರಿನಿಂದ ಸುಮಾರು 4.5 ಕಿ.ಮೀ. ಎತ್ತರದಲ್ಲಿ ಬಿಡಲಾಯಿತು, ಅದು ಇಲ್ಲಿನ ರನ್‌ವೇ ಮೇಲೆ ತಾನಾಗಿ ಇಳಿಯಿತು. ಅದೇ ವರ್ಷದ ಆಗಸ್ಟ್‌ನಲ್ಲಿ ತಪಸ್ ಡ್ರೋನ್ ಹಿರಿಯೂರು ತಾಲ್ಲೂಕಿನ ವದ್ದಿಕೆರೆ ಬಳಿ ಹೊಲಕ್ಕೆ ಬಿತ್ತು. ಅದರಲ್ಲಿ ಪೈಲಟ್ ಇರಲಿಲ್ಲ, ಪ್ರಾಣಹಾನಿಯೂ ಆಗಲಿಲ್ಲ.