ಅಳಿವೆಯ ನೀರು ಕಂದು ಬಣ್ಣವಿದ್ದರೆ ಅದು ವಿಷವೇ? ತೇಲುವ ಮಣ್ಣಿನ ಕಣವನ್ನು ಅಳೆಯುವುದು ಹೇಗೆ?

ಕಂದು ಬಣ್ಣದ ನದಿಯ ಫೋಟೊ ಹಾಕಿ ‘ನೋಡಿ, ನದಿ ಪೂರ್ತಿ ವಿಷವಾಗಿದೆ’ ಎಂದು ಬರೆದ ಮೆಸೇಜ್ ನಿಮ್ಮ ಗ್ರೂಪ್‌ಗೆ ಬಂದರೆ ಏನು ಮಾಡಬೇಕು? ಮೊದಲು ಆ ಜಾಗ ಯಾವುದು ಎಂದು ನೋಡಿ. ಸಮುದ್ರದ ಉಬ್ಬರ-ಇಳಿತ ಒಳನುಗ್ಗುವ ಅಳಿವೆಯಾಗಿದ್ದರೆ, ಅಲ್ಲಿನ ನೀರು ಬಗ್ಗಡವಾಗಿರುವುದು ಸಹಜ. ಬಣ್ಣ ನೋಡಿ ವಿಷ ಎನ್ನಲಾಗದು, ಶುದ್ಧ ಎಂದೂ ಹೇಳಲಾಗದು. ಅದರಲ್ಲಿ ತೇಲುತ್ತಿರುವ ಕಣಗಳು ಎಷ್ಟು ದೊಡ್ಡವು ಎಂಬುದೇ ಮುಖ್ಯ ಪ್ರಶ್ನೆ.

ಕೋಲ್ಕತ್ತಾದ ಹೂಗ್ಲಿ ನದಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಹೂಗ್ಲಿಯಲ್ಲಿ ಅಷ್ಟು ಹೂಳು ಏಕೆ?

ಹೂಗ್ಲಿಯಲ್ಲಿ ದಿನಕ್ಕೆ ಎರಡು ಬಾರಿ ಉಬ್ಬರ ಬರುತ್ತದೆ. ಅಲ್ಲಿ ಉಬ್ಬರದ ಅವಧಿ ಕಡಿಮೆ, ವೇಗ ಹೆಚ್ಚು. ಇಳಿತ ನಿಧಾನ. ಹಾಗಾಗಿ ಬೇಸಿಗೆಯಲ್ಲಿ ನದಿಯ ಹರಿವು ತಗ್ಗಿದಾಗ, ಉಬ್ಬರ ಒಳಗೆ ತಂದ ಹೂಳನ್ನು ಇಳಿತ ಪೂರ್ತಿ ಹೊರಗೆ ಒಯ್ಯುವುದಿಲ್ಲ. ಕೋಲ್ಕತ್ತಾ ಬಂದರಿಗೆ ಇದೇ ದೊಡ್ಡ ತಲೆನೋವು. ಹೂಳನ್ನು ತಳ್ಳಲು ಗಂಗೆಯ ನೀರನ್ನು ಇತ್ತ ತಿರುಗಿಸಬೇಕೆಂದೇ ಫರಕ್ಕಾ ಬ್ಯಾರೇಜ್ ಕಟ್ಟಲಾಯಿತು. ಅದು 1975ರಲ್ಲಿ ಕಾರ್ಯಾರಂಭ ಮಾಡಿತು. ಇಂದಿಗೂ ಅಲ್ಲಿ ಹೂಳೆತ್ತುವುದು ನಿಂತಿಲ್ಲ.

ಕಣದ ಗಾತ್ರಕ್ಕೆ ಅಷ್ಟು ಮಹತ್ವವೇಕೆ?

ಮಣ್ಣಿನ ಕಣವನ್ನು ಮೈಕ್ರಾನ್‌ನಲ್ಲಿ ಅಳೆಯುತ್ತಾರೆ. 1000 ಮೈಕ್ರಾನ್ ಸೇರಿದರೆ 1 ಮಿಲಿಮೀಟರ್. ಸುಮಾರು 63 ಮೈಕ್ರಾನ್‌ಗಿಂತ ದೊಡ್ಡದು ಮರಳು, ಅದಕ್ಕಿಂತ ಚಿಕ್ಕದು ಗೋಡು, ಅದಕ್ಕಿಂತಲೂ ನುಣುಪಾದದ್ದು ಜೇಡಿ.

ನಿಂತ ನೀರಿನಲ್ಲಿ ಇವು 1 ಮೀಟರ್ ಕೆಳಗಿಳಿಯಲು ಬೇಕಾಗುವ ಸಮಯ ನೋಡಿ:

• 60 ಮೈಕ್ರಾನ್ ಕಣ: ಸುಮಾರು 5 ನಿಮಿಷ
• 20 ಮೈಕ್ರಾನ್ ಕಣ: ಸುಮಾರು ಮುಕ್ಕಾಲು ಗಂಟೆ
• 2 ಮೈಕ್ರಾನ್ ಕಣ: 3 ದಿನಕ್ಕೂ ಹೆಚ್ಚು

ಗಾತ್ರ 10 ಪಟ್ಟು ಕಡಿಮೆಯಾದರೆ ಇಳಿಯುವ ವೇಗ 100 ಪಟ್ಟು ಕಡಿಮೆಯಾಗುತ್ತದೆ. ಹೂಳು ಹಡಗಿನ ದಾರಿಯಲ್ಲೇ ಕೂರುತ್ತದೆಯೋ, ಸಮುದ್ರಕ್ಕೆ ಹೋಗುತ್ತದೆಯೋ ಎಂಬುದು ಬಹುಮಟ್ಟಿಗೆ ಇದರ ಮೇಲೆ ನಿಂತಿದೆ. ಇನ್ನೊಂದು ವಿಷಯ: ಸೀಸದಂಥ ಲೋಹಗಳು, ಕೆಲವು ಕೀಟನಾಶಕಗಳು ನುಣ್ಣನೆಯ ಕಣಗಳಿಗೇ ಹೆಚ್ಚು ಅಂಟಿಕೊಳ್ಳುತ್ತವೆ. ಕಣ ಹೋದಲ್ಲಿಗೆ ಅವೂ ಹೋಗುತ್ತವೆ.

ಹಾಗಿದ್ದರೆ ಬಾಟಲಿಯಲ್ಲಿ ನೀರು ತುಂಬಿ ಲ್ಯಾಬ್‌ಗೆ ಕೊಟ್ಟರೆ ಸಾಕಲ್ಲವೇ?

ಸಾಲದು. ಎಡವುವುದು ಇಲ್ಲೇ.

ಸಿಹಿನೀರಿನಲ್ಲಿ ಜೇಡಿ ಕಣಗಳು ಒಂದನ್ನೊಂದು ದೂರ ತಳ್ಳುತ್ತವೆ, ಏಕೆಂದರೆ ಅವುಗಳ ಮೇಲ್ಮೈಯಲ್ಲಿ ಒಂದೇ ಬಗೆಯ ವಿದ್ಯುದಾವೇಶ ಇರುತ್ತದೆ. ಉಪ್ಪುನೀರು ಬೆರೆತಾಗ ಆ ತಳ್ಳಾಟದ ಬಲ ಕುಗ್ಗುತ್ತದೆ. ಆಗ ಕಣಗಳು ಅಂಟಿಕೊಂಡು ಹತ್ತಿಯಂಥ ಮೆತ್ತನೆಯ ಮುದ್ದೆಗಳಾಗುತ್ತವೆ. ಪಾಚಿ, ಬ್ಯಾಕ್ಟೀರಿಯಾಗಳ ಲೋಳೆ ಅಂಟಿನಂತೆ ಕೆಲಸ ಮಾಡುತ್ತದೆ. ಕೆಲವೇ ಮೈಕ್ರಾನ್ ಕಣಗಳಿಂದಾದ ಮುದ್ದೆ ನೂರಾರು ಮೈಕ್ರಾನ್‌ವರೆಗೂ ಬೆಳೆಯಬಹುದು. ಅದರೊಳಗೆ ಹೆಚ್ಚಿನ ಭಾಗ ನೀರೇ ಇರುವುದರಿಂದ ಅಷ್ಟೇ ಗಾತ್ರದ ಮರಳಿನ ಹಾಗೆ ಬೇಗ ಮುಳುಗುವುದಿಲ್ಲ. ಆದರೂ ಒಂಟಿ ಜೇಡಿ ಕಣಕ್ಕಿಂತ ಎಷ್ಟೋ ಪಟ್ಟು ಬೇಗ ಇಳಿಯುತ್ತದೆ.

ಈ ಮುದ್ದೆ ಬಹಳ ನಾಜೂಕು. ಪಂಪಿನಲ್ಲಿ ಎಳೆದರೆ, ಬಾಟಲಿ ಅಲುಗಾಡಿದರೆ ಒಡೆದುಹೋಗುತ್ತದೆ. ಮೇಲಾಗಿ ಲ್ಯಾಬ್‌ನಲ್ಲಿ ಗಾತ್ರ ಅಳೆಯುವ ಮುನ್ನ ರಾಸಾಯನಿಕ ಹಾಕಿ ಕಣಗಳನ್ನು ಬೇಕೆಂದೇ ಬಿಡಿಸುವುದೂ ಉಂಟು. ಆಗ ಸಿಗುವುದು ಇಟ್ಟಿಗೆಯ ಅಳತೆಯೇ ಹೊರತು ಮನೆಯ ಅಳತೆಯಲ್ಲ. ಆ ಲೆಕ್ಕ ನಂಬಿ ‘ಈ ಹೂಳು ಇಲ್ಲಿ ಕೂರುವುದಿಲ್ಲ’ ಎಂದರೆ ಬಂದರಿನ ಯೋಜನೆಯೇ ತಪ್ಪಬಹುದು.

ಮತ್ತೆ ಅಳೆಯುವುದು ಹೇಗೆ?

ನದಿಯಲ್ಲೇ ಅಳೆಯಬೇಕು. ಮುಖ್ಯವಾಗಿ ಮೂರು ದಾರಿಗಳಿವೆ.

1. ಓವೆನ್ ಟ್ಯೂಬ್: 1970ರ ದಶಕದಲ್ಲಿ ಇಂಗ್ಲೆಂಡ್‌ನಲ್ಲಿ ರೂಪುಗೊಂಡ ಉದ್ದನೆಯ ಕೊಳವೆ. ನೀರನ್ನು ಅದರಲ್ಲಿ ಹಿಡಿದು, ದೋಣಿಯ ಮೇಲೆ ನೆಟ್ಟಗೆ ನಿಲ್ಲಿಸಿ, ನಿಗದಿತ ಸಮಯಕ್ಕೊಮ್ಮೆ ತಳದಿಂದ ಸ್ವಲ್ಪ ಸ್ವಲ್ಪ ತೆಗೆದು ತೂಗುತ್ತಾರೆ. ಇದು ನೇರವಾಗಿ ಇಳಿಯುವ ವೇಗವನ್ನೇ ಕೊಡುತ್ತದೆ.

2. ಲೇಸರ್ ಉಪಕರಣ: ನೀರಿನೊಳಗೆ ಇಳಿಬಿಟ್ಟು ಲೇಸರ್ ಹಾಯಿಸುತ್ತಾರೆ. ದೊಡ್ಡ ಕಣ ಬೆಳಕನ್ನು ಕಿರಿದಾದ ಕೋನದಲ್ಲಿ, ಚಿಕ್ಕ ಕಣ ಅಗಲವಾದ ಕೋನದಲ್ಲಿ ಚದುರಿಸುತ್ತದೆ. ಅದರಿಂದ ಗಾತ್ರ ಲೆಕ್ಕ ಹಾಕಬಹುದು. ನೀರು ತೀರಾ ಬಗ್ಗಡವಾದರೆ ಬೆಳಕು ಹಾಯುವುದೇ ಇಲ್ಲ, ಅಳತೆ ಕೈಕೊಡುತ್ತದೆ.

3. ನೀರೊಳಗಿನ ಕ್ಯಾಮೆರಾ: ಮುದ್ದೆಗಳ ಫೋಟೊ, ವಿಡಿಯೊ ತೆಗೆದು ಗಾತ್ರ ಮತ್ತು ವೇಗ ಎರಡನ್ನೂ ನೋಡುತ್ತಾರೆ. ತೀರಾ ಸಣ್ಣ ಕಣ ಕಾಣುವುದಿಲ್ಲ.

ಅಳತೆ ಒಮ್ಮೆ ಮಾಡಿದರೆ ಸಾಲದು. ಉಬ್ಬರದ ವೇಗಕ್ಕೆ ಮುದ್ದೆಗಳು ಒಡೆಯುತ್ತವೆ, ನೀರು ತುಸು ನಿಂತಾಗ ಮತ್ತೆ ಕೂಡುತ್ತವೆ. ಆದ್ದರಿಂದ ಕನಿಷ್ಠ ಒಂದು ಪೂರ್ತಿ ಉಬ್ಬರ-ಇಳಿತ, ಅಂದರೆ ಸುಮಾರು ಹನ್ನೆರಡೂವರೆ ಗಂಟೆ ಅಳೆಯಬೇಕು. ಅಮಾವಾಸ್ಯೆ-ಹುಣ್ಣಿಮೆಯ ದೊಡ್ಡ ಉಬ್ಬರ, ಅಷ್ಟಮಿ ಆಸುಪಾಸಿನ ಸಣ್ಣ ಉಬ್ಬರ ಎರಡೂ ಲೆಕ್ಕಕ್ಕೆ ಬರಬೇಕು.

ಮನೆಯಲ್ಲೇ ನೋಡಿ

ಎರಡು ಗಾಜಿನ ಲೋಟಗಳಲ್ಲಿ ಮಳೆನೀರು ಅಥವಾ ಆರ್‌ಒ ನೀರು ತುಂಬಿ, ಸ್ವಲ್ಪ ಜೇಡಿಮಣ್ಣು ಕದಡಿ. ಒಂದಕ್ಕೆ ಮಾತ್ರ ಒಂದು ಚಮಚ ಉಪ್ಪು ಹಾಕಿ. ಸಾಮಾನ್ಯವಾಗಿ ಉಪ್ಪಿನ ಲೋಟವೇ ಮೊದಲು ತಿಳಿಯಾಗುತ್ತದೆ. ಬಾವಿನೀರಿಗೆ ಪಟಿಕ ಹಾಕಿದಾಗ ಆಗುವುದೂ ಹೆಚ್ಚುಕಡಿಮೆ ಇದೇ. ಆದರೆ ಎಚ್ಚರ: ತಿಳಿಯಾದ ನೀರೆಲ್ಲ ಕುಡಿಯಲು ಯೋಗ್ಯವಲ್ಲ. ರೋಗಾಣುಗಳು ಕಣ್ಣಿಗೆ ಕಾಣುವುದಿಲ್ಲ. ಪಟಿಕ ಹಾಕಿದ ನೀರನ್ನೂ ಕುದಿಸಿಯೇ ಕುಡಿಯಿರಿ.

ಫಾರ್ವರ್ಡ್ ಮಾಡುವ ಮುನ್ನ ನೆನಪಿಡಿ

• ಅಳಿವೆಯಲ್ಲಿ ಕಂದು ನೀರು ಸಹಜ. ವಿಷ ಇದೆಯೋ ಇಲ್ಲವೋ ಎಂಬುದನ್ನು ರಾಸಾಯನಿಕ ಪರೀಕ್ಷೆಯೇ ಹೇಳಬೇಕು.
• ಫೋಟೊ ತೆಗೆದ ಸಮಯ ಮುಖ್ಯ. ಅದೇ ಜಾಗ ಕೆಲವೇ ಗಂಟೆಗಳಲ್ಲಿ ಬೇರೆಯಾಗಿ ಕಾಣಬಹುದು.
• ‘ಲ್ಯಾಬ್ ರಿಪೋರ್ಟ್ ಇದೆ’ ಎಂದರೆ, ಮಾದರಿಯನ್ನು ಎಲ್ಲಿ, ಯಾವಾಗ, ಹೇಗೆ ತೆಗೆದರು ಎಂದು ಕೇಳಿ.