ಬೌ ಬಜಾರಿನ ಆ ಬಾಗಿಲು

ಪ್ರತಿ ಫೆಬ್ರವರಿ 28ಕ್ಕೆ ನಮ್ಮ ಶಾಲೆಗಳಲ್ಲಿ ಸಿ.ವಿ. ರಾಮನ್ ಫೋಟೋಗೆ ಹಾರ ಬೀಳುತ್ತದೆ. 1928ರ ಶೋಧ, 1930ರ ನೊಬೆಲ್, ಆಮೇಲೆ ಬೆಂಗಳೂರು. ಭಾಷಣ ಅಲ್ಲಿಗೆ ಮುಗಿಯುತ್ತದೆ. ಇದೇ ರಾಮನ್ ಹತ್ತು ವರ್ಷ ಸರ್ಕಾರದ ಲೆಕ್ಕಪತ್ರ ನೋಡಿಕೊಂಡಿದ್ದರು, 28ನೇ ವಯಸ್ಸಿನಲ್ಲಿ ಆ ಕೆಲಸ ಬಿಟ್ಟರು ಎನ್ನುವುದನ್ನು ಹೇಳುವವರು ಕಡಿಮೆ. ಹಳ್ಳಿಯ ಸುದ್ದಿ ಬರೆಯುತ್ತೇವೆಂದು ಪತ್ರಿಕೋದ್ಯಮ ಓದಿ, ಮನೆಗೆ ಹೋದಾಗಲೆಲ್ಲ 'ಎಫ್‌ಡಿಎ ಪರೀಕ್ಷೆಗೆ ಅರ್ಜಿ ಹಾಕಿದ್ಯಾ?' ಎಂದು ಕೇಳಿಸಿಕೊಳ್ಳುವ ನಮ್ಮಂಥವರಿಗೆ ನೊಬೆಲ್‌ಗಿಂತ ಆ ಹತ್ತು ವರ್ಷಗಳ ಕತೆಯೇ ಹೆಚ್ಚು ಬೇಕು.

ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ 1907ರಲ್ಲಿ ಎಂ.ಎ. ಮುಗಿಸಿದಾಗ ರಾಮನ್‌ಗೆ ಇನ್ನೂ 18. ಅದರ ಹಿಂದಿನ ವರ್ಷವೇ ಬೆಳಕಿನ ಬಗ್ಗೆ ಅವರು ಬರೆದ ಪ್ರಬಂಧ ಲಂಡನ್ನಿನ 'ಫಿಲಾಸಫಿಕಲ್ ಮ್ಯಾಗಜೀನ್'ನಲ್ಲಿ ಅಚ್ಚಾಗಿತ್ತು. ಆದರೆ ಸಂಶೋಧನೆಯನ್ನೇ ನಂಬಿ ಬದುಕುವ ದಾರಿ ಆಗ ಇಲ್ಲಿನ ಹುಡುಗರಿಗೆ ಇರಲಿಲ್ಲ. ಇಂಗ್ಲೆಂಡಿಗೆ ಹೋಗೋಣವೆಂದರೆ, ಅಲ್ಲಿಯ ಚಳಿ ಈ ದೇಹಕ್ಕೆ ಆಗದು ಎಂದು ವೈದ್ಯರು ಹೇಳಿಬಿಟ್ಟರು. ಉಳಿದದ್ದು ಹಣಕಾಸು ಇಲಾಖೆಯ ಪರೀಕ್ಷೆ. ಅದರಲ್ಲಿ ಮೊದಲಿಗರಾಗಿ ಪಾಸಾದರು. ಅದೇ ವರ್ಷ ಲೋಕಸುಂದರಿಯವರೊಂದಿಗೆ ಮದುವೆ, ಕಲ್ಕತ್ತಾದಲ್ಲಿ ಅಸಿಸ್ಟೆಂಟ್ ಅಕೌಂಟೆಂಟ್ ಜನರಲ್ ಹುದ್ದೆ. ಇವತ್ತಿನ ಲೆಕ್ಕದಲ್ಲಿ 'ಸೆಟಲ್' ಆದ ಹುಡುಗ.

ಟ್ರಾಮಿನಲ್ಲಿ ಓಡಾಡುವಾಗ ಬೌ ಬಜಾರ್ ರಸ್ತೆಯಲ್ಲಿ ಒಂದು ಬೋರ್ಡು ಕಣ್ಣಿಗೆ ಬಿತ್ತು: ವಿಜ್ಞಾನ ಕೃಷಿಗಾಗಿ ಭಾರತೀಯ ಸಂಘ. ಡಾಕ್ಟರ್ ಮಹೇಂದ್ರಲಾಲ್ ಸರ್ಕಾರ್ ಎಂಬುವರು ಜನರಿಂದ ಚಂದಾ ಎತ್ತಿ 1876ರಲ್ಲಿ ಕಟ್ಟಿದ ಸಂಸ್ಥೆ ಅದು. ನಮ್ಮವರು ನಮ್ಮದೇ ಪ್ರಯೋಗಾಲಯದಲ್ಲಿ ಸಂಶೋಧನೆ ಮಾಡಬೇಕು ಎಂಬುದು ಅವರ ಆಸೆ. ಉಪನ್ಯಾಸಗಳು ನಡೆದವು, ಉಪಕರಣಗಳು ಬಂದವು. ಸಂಶೋಧನೆಗೆಂದು ಬರುವವರು ಮಾತ್ರ ವಿರಳ. ಆ ಕೊರಗಿನಲ್ಲೇ 1904ರಲ್ಲಿ ಅವರು ತೀರಿಕೊಂಡರು. ಮೂರು ವರ್ಷದ ನಂತರ ಅಪರಿಚಿತ ಸರ್ಕಾರಿ ನೌಕರನೊಬ್ಬ ಬಂದು ಬಾಗಿಲು ತಟ್ಟಿದ. ತೆರೆದವರು ಅಲ್ಲಿನ ಸಹಾಯಕ ಅಶುತೋಷ್ ಡೇ. ಮಹೇಂದ್ರಲಾಲರ ಮಗ ಅಮೃತಲಾಲ್ ಸರ್ಕಾರ್ ಆಗ ಕಾರ್ಯದರ್ಶಿ. ಇಲ್ಲಿ ಕೆಲಸ ಮಾಡಬಹುದೇ ಎಂದು ಕೇಳಿದ್ದಕ್ಕೆ ಅವರು ಖುಷಿಯಿಂದ ಒಪ್ಪಿದರು.

ಆಮೇಲಿನ ದಿನಚರಿ ಹೀಗಿತ್ತು. ಬೆಳಗಿನ ಜಾವ ಐದೂವರೆಗೆ ಪ್ರಯೋಗಾಲಯ. ಒಂಬತ್ತೂ ಮುಕ್ಕಾಲಿಗೆ ಮನೆಗೆ ಬಂದು ಗಬಗಬನೆ ಊಟ, ನಂತರ ಆಫೀಸು. ಸಂಜೆ ಐದಕ್ಕೆ ಮತ್ತೆ ಪ್ರಯೋಗಾಲಯ, ಮನೆ ಸೇರುವುದು ರಾತ್ರಿ. ನಡುವೆ ರಂಗೂನಿಗೂ ನಾಗಪುರಕ್ಕೂ ವರ್ಗವಾಗಿ, 1911ರಲ್ಲಿ ಕಲ್ಕತ್ತಾಕ್ಕೆ ಮರಳಿದರು. ತಂತಿಯ ಕಂಪನ, ಪಿಟೀಲಿನ ನಾದ ಕುರಿತ ಅವರ ಪ್ರಬಂಧಗಳು ಹೊರದೇಶದ ಪತ್ರಿಕೆಗಳಲ್ಲಿ ಬರತೊಡಗಿದವು.

ಇದನ್ನು ಗಮನಿಸಿದವರು ಕಲ್ಕತ್ತಾ ವಿಶ್ವವಿದ್ಯಾಲಯದ ಅಶುತೋಷ್ ಮುಖರ್ಜಿ. ವಕೀಲ ತಾರಕನಾಥ್ ಪಾಲಿತ್ ಕೊಟ್ಟ ದೇಣಿಗೆಯಿಂದ ಹುಟ್ಟಿದ ಭೌತಶಾಸ್ತ್ರ ಪೀಠಕ್ಕೆ ಅವರು ರಾಮನ್‌ರನ್ನು ಕರೆದರು. ವಿದೇಶದಲ್ಲಿ ತರಬೇತಿ ಪಡೆದು ಬರಬೇಕೆಂಬ ಷರತ್ತಿತ್ತು. ರಾಮನ್ ಒಪ್ಪಲಿಲ್ಲ, ಷರತ್ತೇ ಸಡಿಲವಾಯಿತು. 1917ರಲ್ಲಿ ಸರ್ಕಾರಿ ಹುದ್ದೆ ಬಿಟ್ಟಾಗ ಸಂಬಳ ಸುಮಾರು ಅರ್ಧಕ್ಕೆ ಇಳಿಯಿತು.

ಈ ಕತೆಯನ್ನು 'ಧೈರ್ಯ ಮಾಡಿ ಕೆಲಸ ಬಿಡಿ' ಎಂದು ಯುವಕರಿಗೆ ಉಪದೇಶಿಸಲು ಬಳಸುವುದು ನಮಗೆ ಸರಿ ಕಾಣುವುದಿಲ್ಲ. ಬಿಡುವ ಹೊತ್ತಿಗೆ ಅವರ ಆಸಕ್ತಿ ಹತ್ತು ವರ್ಷ ದುಡಿದು ತೋರಿಸಿತ್ತು. ಅರ್ಧ ಸಂಬಳವೂ ಬದುಕಿಗೆ ಸಾಕಾಗುವಷ್ಟಿತ್ತು. ಶಿಕ್ಷಣ ಸಾಲದ ಕಂತು ಕಟ್ಟುತ್ತಿರುವ ನಮ್ಮ ಗೆಳೆಯರ ಲೆಕ್ಕ ಬೇರೆಯೇ.

ನಮಗೆ ದೊಡ್ಡದಾಗಿ ಕಾಣುವುದು ಆ ಬಾಗಿಲು. ಆಫೀಸಿಗೆ ಮೊದಲು, ಆಫೀಸಿನ ನಂತರ, ಯಾರ ಶಿಫಾರಸೂ ಇಲ್ಲದೆ ಒಬ್ಬ ನೌಕರ ಹೋಗಿ ಕೂರಬಹುದಾದ ಜಾಗವನ್ನು ಯಾರೋ ಮೂವತ್ತು ವರ್ಷ ಮೊದಲೇ ಕಟ್ಟಿಟ್ಟಿದ್ದರು. 1928ರ ಶೋಧ ನಡೆದದ್ದೂ ಅದೇ ಕಟ್ಟಡದಲ್ಲಿ. ನಮ್ಮ ತಾಲ್ಲೂಕುಗಳಲ್ಲಿ ಅಂಗಡಿಯ ಲೆಕ್ಕ ಬರೆಯುತ್ತಲೇ ಊರಿನ ಕೆರೆಗಳ ಚರಿತ್ರೆ ಹುಡುಕುವವರಿದ್ದಾರೆ, ಬ್ಯಾಂಕಿನಲ್ಲಿದ್ದುಕೊಂಡೇ ಹಕ್ಕಿಗಳ ಪಟ್ಟಿ ಮಾಡುವವರಿದ್ದಾರೆ. ಅವರು ಸಂಜೆ ಆರರ ಮೇಲೆ ಹೋಗಿ ಕೂರಬಹುದಾದ ಒಂದು ಕೋಣೆ, ಒಂದು ದೀಪ ಎಲ್ಲಿದೆ?

ಹಾಗೆ ತೆರೆದ ಬಾಗಿಲು ರಾಮನ್ ಒಬ್ಬರಿಗೇ ಉಪಯೋಗವಾಗಲಿಲ್ಲ. ಅದನ್ನು ತೆರೆದ ಅಶುತೋಷ್ ಡೇ ಕಾಲೇಜು ಓದಿದವರಲ್ಲ. ರಾಮನ್ ಜೊತೆ ಪ್ರಯೋಗ ಮಾಡುತ್ತಲೇ ಕಲಿತರು. 1919ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಪತ್ರಿಕೆಯಲ್ಲಿ ಅವರದೇ ಹೆಸರಿನಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ಮುನ್ನುಡಿಯ ಮಾತು ಮಾತ್ರ ರಾಮನ್ ಅವರದು.